ಮೈಕಿನಲ್ಲಿ ಹೇಳಿದ ಹೆಸರು

ಕೊಳಾಲ
೧೨-೯-೨೦೨೫

ಮಧುಗಿರಿಯ ವಕೀಲರಾದ ಪ್ರಭುದೇವ್ ಅವರಿಗೆ, ಹಿಂದೊಮ್ಮೆ ನಿಮ್ಮ ಹೆಂಡತಿಯಾಗಿದ್ದವಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲವೆಂದು ನಿನ್ನೆ ಪೇಪರಿನಲ್ಲಿ ಓದಿದೆ. ಹೊಸ ನ್ಯಾಯಮಂಡಳಿಗೆ ಸರ್ಕಾರ ಆರಿಸಿದ್ದ ಸದಸ್ಯರಲ್ಲಿ ನಿಮ್ಮೊಬ್ಬರ ಹೆಸರನ್ನು ಶಾಸಕರ ಸಮಿತಿ ಕೈಬಿಟ್ಟಿದೆ. ಸಮಿತಿ ವಿಚಾರಣೆ ನಡೆಸಿದ ದಿನ ನೀವು ಬರಲಿಲ್ಲ. ಅಲ್ಲಿ ನಡೆದದ್ದು ನಿಮಗೆ ತಿಳಿಯಲೆಂದೇ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದೆ ನಾನು ಮುನಿಸಿಕೊಂಡು ತವರಿಗೆ ಬಂದಿದ್ದೆ. ನೀವು ಕರೆಯಲು ಬರುತ್ತೀರೆಂದು ಕಾದಿದ್ದೆ. ಬಂದದ್ದು ನಿಮ್ಮ ಎರಡನೇ ಮದುವೆಯ ಲಗ್ನಪತ್ರಿಕೆ, ಅದೂ ನಮ್ಮ ಶಾಲೆಯ ಹೆಡ್‌ಮಾಸ್ಟರಿಗೆ. ವಿಚ್ಛೇದನವಾಗಿದೆ ಎಂದು ನನಗೆ ತಿಳಿದದ್ದು ಸ್ಟಾಫ್ ರೂಮಿನಲ್ಲಿ, ಮಿಕ್ಕ ಟೀಚರುಗಳ ಎದುರಿಗೆ. ಕೋರ್ಟಿನ ನೋಟಿಸನ್ನು ನಾನು ಬೇಡವೆಂದೆ ಎಂದು ಬರೆಸಿ, ನಾನಿಲ್ಲದೆಯೇ ನೀವು ತೀರ್ಪು ಪಡೆದಿದ್ದಿರಿ.

ಆ ನೋಟಿಸು ತರಬೇಕಾಗಿದ್ದ ಕೋರ್ಟಿನ ಅಮೀನ ದಾಸಯ್ಯ ಸಿದ್ದರಬೆಟ್ಟದ ಮೆಟ್ಟಿಲ ಮೇಲೆ ಸಿಕ್ಕಿ ನನ್ನ ಕಾಲು ಹಿಡಿದುಕೊಂಡ. "ನಿಮ್ಮ ಮನೆ ಕಡೀಕೆ ನಾನು ಬರ್ಲೇ ಇಲ್ಲ ಕಣಮ್ಮ. ಈಸ್ಕಳ್ಳಿಲ್ಲ ಅಂತ ಬರೆದ್ಬುಡು ಅಂದ್ರು ವಕೀಲ್ರು, ಬರೆದ್ಬುಟ್ಟೆ" ಎಂದ.

ನ್ಯಾಯಮಂಡಳಿಯ ಪಟ್ಟಿಗೆ ಆಕ್ಷೇಪಣೆ ಇದ್ದವರು ಬರೆಯಬಹುದೆಂಬ ಪ್ರಕಟಣೆ ಕಂಡ ದಿನವೇ ಬರೆದೆ. ವಿಧಾನಸೌಧಕ್ಕೆ ಕರೆಸಿದರು. ದಾಸಯ್ಯನೂ ಬಂದ. ಸಮಿತಿಯ ನೋಟಿಸು ನಿಮ್ಮ ಕೈಗೇ ಮುಟ್ಟಿದೆಯೇ ಎಂದು ಎರಡು ಸಲ ಫೋನ್ ಮಾಡಿ ವಿಚಾರಿಸಿದ್ದೆ. ಮುಟ್ಟಿತ್ತು. ಎಲ್ಲ ಸುಳ್ಳೆಂದು ಒಂದು ಹಾಳೆ ಬರೆದು ಕಳಿಸಿದ್ದಿರಿ.

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಬೆಳೆದವಳು ನಾನು. ಅಂದು ಅದನ್ನು ಮೈಕಿನಲ್ಲಿ ಮೂರು ಸಲ ಹೇಳಿದೆ. ಮೂರನೆಯ ಸಲ ಹೇಳಬೇಕಾಗಿಯೇ ಇರಲಿಲ್ಲ.

ಅಧ್ಯಕ್ಷರು ದಾಸಯ್ಯನನ್ನು ಕೇಳಿದ್ದು ಒಂದೇ ಪ್ರಶ್ನೆ. "ಈವಮ್ಮನ ಮನೆ ಬಾಗ್ಲು ನೋಡಿದ್ದೀಯೇನಪ್ಪ?"

"ಇಲ್ಲ ಸ್ವಾಮಿ. ಇವತ್ತಿಗೂ ನೋಡಿಲ್ಲ."

ಅವರು ಪೆನ್ನಿನ ಕ್ಯಾಪು ತೆಗೆದು ನಿಮ್ಮ ಹೆಸರಿನ ಮೇಲೆ ಗೆರೆ ಎಳೆದರು. ಎರಡೆರಡು ಸಲ ಎಳೆದರು. ಹೊರಗೆ ಬಂದು ನಾನು, ದಾಸಯ್ಯ ಕಾಫಿ ಕುಡಿದೆವು. ಅಷ್ಟು ಒಳ್ಳೆಯ ಕಾಫಿಯನ್ನು ಈ ಹನ್ನೊಂದು ವರ್ಷದಲ್ಲಿ ಕುಡಿದಿರಲಿಲ್ಲ.

ನಿಮ್ಮ ಕರಿ ಕೋಟು ಜೋಪಾನ. ಅದಕ್ಕೂ ಒಂದು ಅರ್ಜಿ ಬರೆದಿಟ್ಟಿದ್ದೇನೆ.

ಇಂತಿ,
ಜಗದಾಂಬ

ಮರೆತಿದ್ದೆ: ದಾಸಯ್ಯ ನನಗೆ ನಿಜ ಹೇಳಿದ್ದು ಈಗಲ್ಲ, ಏಳು ವರ್ಷದ ಹಿಂದೆ. ಅಂದೇ ಕೋರ್ಟಿಗೆ ಹೋಗಿದ್ದರೆ ವಿಚ್ಛೇದನ ರದ್ದಾಗಿ ನೀವು ಮತ್ತೆ ನನ್ನ ಗಂಡನಾಗುತ್ತಿದ್ದಿರಿ, ಅಷ್ಟೇ. ನೀವು ಇನ್ನೂ ಮೇಲಕ್ಕೆ ಹೋಗಲೆಂದು ಕಾದೆ.