ಎಡಗೈಯ ಕ್ಷೇಮ ಸಮಾಚಾರ

ಹರಿಹರ
24-7-2025, ಗುರುವಾರ
ಭೀಮನ ಅಮಾವಾಸ್ಯೆ

ಪ್ರೀತಿಯ ಸ್ನೇಹಾಳ ಅಪ್ಪನಿಗೆ,

ನಿಮ್ಮ ವಾಣಿಯ ಶರಣು. ಆರೋಗ್ಯ ಹೇಗಿದೆ? ಲೋಕಿಕೆರೆಯ ಹೊಲದ ಶೆಡ್ಡಿನಲ್ಲೇ ಮಲಗುತ್ತೀರಂತೆ, ಈ ಮಳೆಗಾಳಿಗೆ ಶೀತ ಆಗಿಲ್ಲ ತಾನೇ? ಬಲಗೈ ಹೇಗಿದೆ? ಒಂದೇ ಕೈ ಎರಡು ಕೈಗಳ ಕೆಲಸ ಮಾಡಿದರೆ ಭುಜ ಹಿಡಿದುಕೊಳ್ಳುತ್ತದೆ, ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ಎಡಗೈ ಹೇಗಿದೆ? ಹುಬ್ಬು ಗಂಟಿಕ್ಕಬೇಡಿ, ಇಲ್ಲದ ಕೈಯ ಕ್ಷೇಮವನ್ನೇ ಕೇಳುತ್ತಿದ್ದೇನೆ. ಹೋದ ಸುಗ್ಗಿಯಲ್ಲಿ ಮೆಕ್ಕೆಜೋಳದ ಮಷಿನ್ನಿನ ಬೆಲ್ಟು ಅಂಗಿ ತೋಳಿನ ಸಮೇತ ಎಳೆದುಕೊಂಡಿತಲ್ಲ, ಆ ಕೈ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಈಗಲೂ ನೋಯುತ್ತದೆಯೇ? ಮುಷ್ಟಿ ಈಗಲೂ ಬಿಗಿದೇ ಇದೆಯೇ? ಇದನ್ನು ಕೇಳುವವರು ಅಲ್ಲಿ ಯಾರೂ ಇರಲಿಕ್ಕಿಲ್ಲ ಎಂದು ಮೊದಲು ಇದನ್ನೇ ಕೇಳಿದೆ.

ಲೋಕಿಕೆರೆಯೇನು ಲಂಡನ್ನೇ, ಕಾಗದ ಬರೆಯಲಿಕ್ಕೆ ಎನ್ನಬೇಡಿ. ಫೋನ್ ಮಾಡಿದರೆ ಸ್ವಿಚ್ ಆಫ್. ನಾನೇ ಬಸ್ಸು ಹತ್ತಿ ಬಂದರೆ ನನ್ನ ಸೆರಗು ಕಂಡಿದ್ದೇ ತಡ, ಹೊಲಕ್ಕೆ ಇಳಿದು ಹೋದಿರಿ. ಆಳೆತ್ತರದ ಜೋಳದ ನಡುವೆ ನಿಮ್ಮನ್ನು ಎಲ್ಲಿ ಅಂತ ಹುಡುಕಲಿ? ಬದುವಿನ ಮೇಲೆ ಬಹಳ ಹೊತ್ತು ಕೂತು, ಅತ್ತೆ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಶೆಡ್ಡಿನ ಬಾಗಿಲಿಗೆ ನೇತುಹಾಕಿ ವಾಪಸ್ ಬಂದೆ. ಅದಕ್ಕೇ ಈ ಕಾಗದವನ್ನು ನಿಮ್ಮ ಗೆಳೆಯ ಪರಶುರಾಮನ ಕೈಲಿ ಕಳಿಸುತ್ತಿದ್ದೇನೆ. ನೀವು ಪೂರ್ತಿ ಓದುವ ತನಕ ಎದುರಿಗೇ ಕೂತಿರಬೇಕು, ಎದ್ದು ಹೋದರೆ ಹಿಂದೆ ಬಿದ್ದು ಓದಿಸಬೇಕು ಎಂದು ತಾಕೀತು ಮಾಡಿದ್ದೇನೆ.

ಇಲ್ಲಿ ಎಲ್ಲರೂ ಇದ್ದೇವೆ. ಸ್ನೇಹಾ ಒಂದು ಹಲ್ಲು ಬೀಳಿಸಿಕೊಂಡಿದ್ದಾಳೆ, ಅಪ್ಪ ಬಂದ ಮೇಲೆ ತೋರಿಸುತ್ತೇನೆ ಎಂದು ಡಬ್ಬಿಯಲ್ಲಿ ಇಟ್ಟಿದ್ದಾಳೆ. ಇವತ್ತು ಪಕ್ಕದ ಮನೆಯ ಸುಮಾ ಗಂಡನ ಪಾದಪೂಜೆ ಮಾಡಿ, ನನಗೂ ಕಡುಬು ತಂದುಕೊಟ್ಟು, ಮುಖ ನೋಡಲಾರದೆ ಬೇಗ ಹೋದಳು. ನಾನು ಯಾರ ಕಾಲು ತೊಳೆಯಲಿ ಹೇಳಿ? ನಿಮ್ಮ ಹಳೇ ಚಪ್ಪಲಿಯ ಧೂಳು ಒರೆಸಿ ಇಟ್ಟೆ. ಸಿಟ್ಟು ಬಂತು, ಅಳುವೂ ಬಂತು. ಕಡುಬು ಮಾತ್ರ ಚೆನ್ನಾಗಿತ್ತು, ತಿಂದೆ.

ನಿಮಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ಯುಗಾದಿ ಮುಗಿಸಿಕೊಂಡು ನೀವು ಮನೆ ಬಿಟ್ಟಿರಲ್ಲ, ಆಮೇಲೆ ನಾನು ದಾವಣಗೆರೆಯಲ್ಲಿ ಓದಲು ಸೇರಿದೆ. ಕೆ.ಬಿ. ಬಡಾವಣೆಯ ಒಂದು ತರಬೇತಿ ಕೇಂದ್ರ. ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್ ಎನ್ನುತ್ತಾರೆ. ಲಕ್ವ ಹೊಡೆದವರಿಗೆ, ಕೈಕಾಲು ಕಳೆದುಕೊಂಡವರಿಗೆ ಉಣ್ಣುವುದು, ಉಡುವುದು, ಗುಂಡಿ ಹಾಕಿಕೊಳ್ಳುವುದು, ಇಂಥ ದಿನದ ಕೆಲಸಗಳನ್ನು ಥೆರಪಿಸ್ಟರು ಮತ್ತೆ ಕಲಿಸುತ್ತಾರೆ, ಅವರ ಕೈಕೆಳಗೆ ನಾವು. ಅತ್ತೆಗೆ ಹೇಳಿದರೆ, "ಉಣ್ಣಾದು ಉಡಾದು ಕಲ್ಸಾಕೂ ಒಂದು ಕಾಲೇಜೇನೆ?" ಎಂದು ಬಾಯಿ ಬಿಟ್ಟರು. ನಾನು ಯಾರಿಗಾಗಿ ಸೇರಿದೆನೆಂದು ಅವರಿಗೂ ಗೊತ್ತು, ಊರಿಗೂ ಗೊತ್ತು. ಬೆಳಿಗ್ಗೆ ಸ್ನೇಹಾಳನ್ನು ಶಾಲೆಗೆ ಕಳಿಸಿ ಬಸ್ಸು ಹಿಡಿಯುತ್ತೇನೆ, ಸಂಜೆ ಬಂದು ರೊಟ್ಟಿ ಬಡಿಯುತ್ತೇನೆ.

ಕಲಿಸುವವರು ಫಿರ್ದೌಸ್ ಮೇಡಂ. ಬಿಗಿ ಹೆಂಗಸು, ನಗು ಅಪರೂಪ. ಸೇರಿದ ಹೊಸದರಲ್ಲಿ ನಮ್ಮೆಲ್ಲರ ಎಡಗೈಯನ್ನು ದುಪ್ಪಟ್ಟಾದಿಂದ ಸೊಂಟಕ್ಕೆ ಕಟ್ಟಿಸಿ, ಸಂಜೆ ತನಕ ಬಿಚ್ಚಬ್ಯಾಡ್ರಿ ಎಂದರು. ಅಯ್ಯೋ, ಆ ದಿನವನ್ನು ಏನು ಹೇಳಲಿ! ಊಟದ ಡಬ್ಬಿಯನ್ನು ತೊಡೆ ನಡುವೆ ಅವುಚಿಕೊಂಡು ಮುಚ್ಚಳ ತೆಗೆಯಲು ಹೋಗಿ ಸಾರೆಲ್ಲ ಸೀರೆಗೆ ಚೆಲ್ಲಿಕೊಂಡೆ. ಜಡೆ ಬಿಚ್ಚಿದರೆ ಕಟ್ಟಲಾಗಲಿಲ್ಲ. ಸಂಜೆ ಬೇರೆಯವರೆಲ್ಲ ಬಿಚ್ಚಿಕೊಂಡರು, ನಾನು ಹಾಗೆಯೇ ಬಸ್ಸು ಹತ್ತಿದೆ. ಒಬ್ಬಾಕೆ ಎದ್ದು ಸೀಟು ಬಿಟ್ಟುಕೊಟ್ಟು, "ಪಾಪ, ಹೆಂಗಾತವ್ವಾ?" ಎಂದಳು. ಒಳ್ಳೆಯವಳೇ. ಆದರೆ ಆ ಪಾಪ ಎನ್ನುವ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ನೀವು ಅದನ್ನು ಮನೆಯ ಒಳಗೂ ಹೊರಗೂ ಎಷ್ಟು ಕೇಳಿಸಿಕೊಂಡಿರೋ ಎಂದು ಹರಿಹರ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕಣ್ಣೀರು ಹಾಕಿದೆ.

ನಮ್ಮ ಕೇಂದ್ರಕ್ಕೆ ನಿಟ್ಟುವಳ್ಳಿಯಿಂದ ಅಂಜಿನವ್ವ ಎನ್ನುವ ಅಜ್ಜಿ ಬರುತ್ತಾಳೆ, ಲಕ್ವದಿಂದ ಒಂದು ಪಕ್ಕ ಬಿದ್ದಿದೆ. ಚಮಚ ಹಿಡಿಯುವುದನ್ನು ಕಲಿಸಲು ಹೋದೆ, ತೆಗೆದು ನನ್ನ ಮುಖಕ್ಕೇ ಎಸೆದಳು. ನಿಮಗಿಂತ ಜೋರು. ಮೇಡಂ ಬಂದು ಅವಳನ್ನು ಬೈಯಲಿಲ್ಲ, ನನ್ನನ್ನು ಬೈದರು. ಆಕೀಗೆ ಏನು ಬೇಕು ಅಂತ ಕೇಳಿದ್ಯೇನು ಎಂದರು. ಕೇಳಿರಲಿಲ್ಲ. ಕೇಳಿದರೆ ಅಜ್ಜಿ ಸೊಟ್ಟ ಬಾಯಲ್ಲೇ, ಎಮ್ಮೆ ಮೈ ತಿಕ್ಕಬೇಕು ಅಂದಳು. ಈಗ ದಿನವೂ ಒಂದು ದೊಡ್ಡ ದಿಂಬಿಗೆ ಗೋಣಿಚೀಲ ಸುತ್ತಿ ಮೇಜಿನ ಮೇಲೆ ಇಡುತ್ತೇವೆ, ತೆಂಗಿನ ನಾರು ಹಿಡಿದು ಅದನ್ನೇ ಬೈಯುತ್ತ ತಿಕ್ಕುತ್ತಾಳೆ. ಬೆರಳು ಸ್ವಲ್ಪ ಸ್ವಲ್ಪ ಆಡುತ್ತಿವೆ.

ಇನ್ನು ಮನೆಯ ಒಂದು ಸಂಗತಿ. ಆಸ್ಪತ್ರೆಯಿಂದ ಬಂದ ಮೇಲೆ ದೀಪ ಹಚ್ಚುವ ಹೊತ್ತಾದರೆ ಸಾಕು, ನೀವು ನಡುಮನೆಯ ಕಂಬಕ್ಕೆ ಒರಗಿ, ಮೊಣಕೈ ಮೇಲಿನ ಗಾಯದ ಮೊಂಡನ್ನು ನನ್ನ ತೊಡೆಯ ಮೇಲಿಟ್ಟು, "ವಾಣೀ, ಮುಷ್ಟಿ ಬಿಡ್ಸು, ಉಗುರು ಅಂಗೈಗೆ ಚುಚ್ತಾವು" ಎನ್ನುತ್ತಿದ್ದಿರಿ. ಮುಷ್ಟಿ ಎಲ್ಲಿತ್ತು? ಆದರೂ ಅದು ಇರಬೇಕಾದ ಜಾಗದಲ್ಲಿ ನಾನು ಗಾಳಿಯಲ್ಲಿ ಒಂದೊಂದೇ ಬೆರಳು ಬಿಡಿಸುತ್ತಿದ್ದೆ, ಕಿರುಬೆರಳಿನಿಂದ ಶುರು ಮಾಡಿ. ಕೆಲವು ಸಲ ನೋವು ಇಳಿಯುತ್ತಿತ್ತು. ಹೆಬ್ಬೆರಳಿಗೆ ಬಂದಾಗ ಮಾತ್ರ ಬ್ಯಾಡ ಬ್ಯಾಡ ಎಂದು ಕೂಗುತ್ತಿದ್ದಿರಿ. ಒಳಗೆ ಏನೋ ಐತೆ, ಕಲ್ಲಿನಂಗೆ, ತಣ್ಣಗೆ, ಬಿದ್ದುಹೋಗತೈತೆ ಅನ್ನುತ್ತಿದ್ದಿರಿ. ಅದನ್ನು ಕಂಡೇ ಅತ್ತೆ ಹೆದರಿ ಗಾಳಿ ಬಿಡಿಸುವವರ ಹತ್ತಿರ ಎಳೆದುಕೊಂಡು ಹೋಗಿದ್ದು. ನಾಲ್ಕು ಜನ ಹಿಡಿದು ಕೂರಿಸಿ ನಿಮ್ಮ ತಲೆಗೆ ನೀರು ಸುರಿದಾಗ ನೀವು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನನ್ನ ಕೈಗೆ ದೆವ್ವ ಬಡ್ದಿಲ್ಲವ್ವಾ. ನನ್ನ ಕೈಯೇ ದೆವ್ವ ಆಗೈತೆ." ಮರುದಿನ ಮನೆ ಬಿಟ್ಟಿರಿ.

ನೀವು ಹೋದಿರಿ, ಮುಷ್ಟಿ ಹೋಗಲಿಲ್ಲ. ಸುಳ್ಳಲ್ಲ, ಸ್ನೇಹಾಳ ಆಣೆ. ದೀಪ ಹಚ್ಚಿ ಕಂಬದ ಹತ್ತಿರ ಕೂತರೆ ಈಗಲೂ ತೊಡೆಯ ಮೇಲೆ ಭಾರ ಬರುತ್ತದೆ. ತಣ್ಣನೆಯ, ಮಣ್ಣಿನ ವಾಸನೆಯ ಭಾರ. ಎದ್ದುಹೋಗಲು ಮನಸ್ಸು ಬರುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಬೆರಳು ಬಿಡಿಸುತ್ತ ಕೂತಿರುತ್ತೇನೆ. ಭಯವಾಗುತ್ತದೆ. ಬರದ ದಿನ ಇನ್ನೂ ಭಯವಾಗುತ್ತದೆ, ಅಲ್ಲಿ ನಿಮಗೇನಾದರೂ ಆಯಿತೇನೋ ಎಂದು.

ಹೋದ ವಾರ ಮೇಡಂ ಒಂದು ಕನ್ನಡಿ ಪೆಟ್ಟಿಗೆ ತಂದರು. ಇಲ್ಲದ ಕೈ ನೋಯುವುದು ಹುಚ್ಚೂ ಅಲ್ಲ, ದೆವ್ವವೂ ಅಲ್ಲವಂತೆ. ಕೈ ಹೋದರೂ ಮಿದುಳಿನಲ್ಲಿ ಅದರ ಜಾಗ ಹಾಗೇ ಇರುತ್ತದಂತೆ, ಎಷ್ಟೋ ಜನಕ್ಕೆ ಹೀಗಾಗುತ್ತದಂತೆ. ನಡುವೆ ಕನ್ನಡಿ ನಿಲ್ಲಿಸಿ, ಮೊಂಡುಗೈಯನ್ನು ಅದರ ಹಿಂದೆ ಮರೆಮಾಡಿ, ಬಲಗೈಯನ್ನು ಮುಂದಿಟ್ಟರೆ ಕನ್ನಡಿಯಲ್ಲಿ ಕಾಣುವುದು ಎಡಗೈ. ಬಲ ಮುಷ್ಟಿಯನ್ನು ಮೆಲ್ಲಗೆ ಬಿಚ್ಚಿದರೆ ಕನ್ನಡಿಯ ಎಡ ಮುಷ್ಟಿಯೂ ಬಿಚ್ಚಿಕೊಳ್ಳುತ್ತದೆ. ಅದನ್ನು ನೋಡುತ್ತ ನೋಡುತ್ತ ನೋವು ಬಿಡುವುದುಂಟಂತೆ, ಎಲ್ಲರಿಗೂ ಅಲ್ಲ, ಕೆಲವರಿಗೆ. ಅಲ್ಲಿಯೇ ನಿಂತು ನಿಮ್ಮ ಹೆಸರು ಹಿಡಿದು ಕರೆಯಬೇಕು ಅನ್ನಿಸಿತು.

ಮನೆಗೆ ಬಂದು ಗೋಡೆಯ ಕನ್ನಡಿ ತೆಗೆದು, ಮಣೆಗೆ ಆನಿಸಿ ನಿಲ್ಲಿಸಿ, ಅಭ್ಯಾಸ ಮಾಡುತ್ತ ಕೂತಿದ್ದೆ. ಅಂಗೈ ಮೇಲೆ ಮಾಡಿ ಮೆಲ್ಲಗೆ ಬೆರಳು ಬಿಚ್ಚಿದ್ದೆ. ಅತ್ತೆ ದೀಪದ ಎಣ್ಣೆ ಹಿಡಿದು ಹಿಂದಿನಿಂದ ಬಂದವರು ಕನ್ನಡಿಯಲ್ಲಿ ತೆರೆದ ಎಡಗೈ ನೋಡಿದ್ದೇ, ಬಟ್ಟಲು ಕೈಬಿಟ್ಟು ಅಲ್ಲೇ ಕುಸಿದರು. "ಖಾಲಿ ಐತಲ್ಲೇ! ಲಿಂಗ ಎಲ್ಲಿ ಹೋತು?" ಎಂದು ಅರಚಿದರು. ಯಾವ ಲಿಂಗ ಎಂದರೆ ಸೆರಗಿನಿಂದ ನೆಲದ ಎಣ್ಣೆ ಒರೆಸತೊಡಗಿದರು. ಬಿಡಲಿಲ್ಲ ನಾನು. ಆಗ ಹೊರಬಿತ್ತು.

ಆಪರೇಷನ್ನಿಗೆ ಮುಂಚೆ ನಿಮ್ಮ ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ನಿಮ್ಮ ದೊಡ್ಡಪ್ಪನ ಕೈಗೆ ಕೊಟ್ಟಿದ್ದರು. ಗಡಿಬಿಡಿಯಲ್ಲಿ ಕಳೆದುಹೋಯಿತು ಎಂದು ದೊಡ್ಡಮಾವ ನಮಗೆಲ್ಲ ಹೇಳಿದರಲ್ಲ, ಅದು ಸುಳ್ಳು. ಆಮೇಲೆ ಆಸ್ಪತ್ರೆಯವರು ಕೈಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರಂತೆ. ಹೊಳೆದಂಡೆಯ ನಮ್ಮ ರುದ್ರಭೂಮಿಗೆ ಒಯ್ದು, ವಿಭೂತಿ ಹಚ್ಚಿ, ಗುಣಿಗೆ ಇಳಿಸುವಾಗ ದೊಡ್ಡಮಾವನಿಗೆ ಮನಸ್ಸು ತಡೆಯಲಿಲ್ಲವಂತೆ. ನಮ್ಮಲ್ಲಿ ಹೋದವರ ಎಡಗೈಯಲ್ಲಿ ಲಿಂಗವಿಟ್ಟೇ ಮಣ್ಣು ಕೊಡುವುದು ತಾನೇ? ನಿಮ್ಮ ಲಿಂಗವನ್ನು ಆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ದಾರ ಸುತ್ತಿ ಹೂತರು. ಅತ್ತೆಗೆ ಮಾತ್ರ ಹೇಳಿದ್ದರು. ನೀವು ಒಳಗೆ ಕಲ್ಲಿನಂಗೆ ಏನೋ ಐತೆ ಎಂದಾಗ ಅತ್ತೆ ಯಾಕೆ ಅಷ್ಟು ಬೆದರಿದರು ಎಂದು ಈಗ ತಿಳಿಯಿತೇ?

ಓಡಿಹೋಗಿ ದೊಡ್ಡಮಾವನ ಎದುರು ನಿಂತು ಬಾಯಿಗೆ ಬಂದಂತೆ ಬೈದೆ. ಬದುಕಿರುವ ಗಂಡಸಿಗೆ ಯಾರಾದರೂ ಸತ್ತವರ ಸಂಸ್ಕಾರ ಮಾಡುತ್ತಾರೆಯೇ ಎಂದೆ. ಆ ಕರಿಬಸವರಾಜಪ್ಪನವರು, ಊರಿಗೆ ನ್ಯಾಯ ಹೇಳುವವರು, ಮಗುವಿನ ಹಾಗೆ ಅತ್ತರು. "ಬರೀ ಕೈನ ಹೆಂಗೆ ಮಣ್ಣು ಮಾಡ್ಲಿ ತಾಯೀ? ಪೂಜಿ ಮಾಡಿದ ಕೈ ಅದು" ಎಂದರು. ನನಗೆ ಮತ್ತೆ ಬೈಯಲಾಗಲಿಲ್ಲ. ನೀವು ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಹೊಸ ಲಿಂಗ ಕಟ್ಟಿಸಲು ಸ್ವಾಮಿಗಳು ಬಂದಿದ್ದಾಗ, ಅದನ್ನ ಎಲ್ಲಿ ಇಟ್ಟು ಪೂಜಿ ಮಾಡ್ಲಿ, ಅಂಗೈ ಎಲ್ಲೈತೆ ಎಂದು ನೀವು ಕೇಳಿದಿರಿ. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ ಈ ಮುದುಕ ಒಳಗೊಳಗೇ ಸತ್ತಿರಬೇಕು.

ಮೇಡಂಗೆ ಎಲ್ಲ ಹೇಳಿದೆ. ಮಷಿನ್ನಿನ ಹಿಡಿ ಹಿಡಿದಿದ್ದ ಕೈ, ಕೊನೆಯ ಬಿಗಿಯೇ ಉಳಿದಿರಬಹುದು ಎಂದರು. ಇರಬಹುದು. ಆದರೆ ಹಿಡಿ ತಣ್ಣಗಿರುವುದಿಲ್ಲ ರೀ. ಇಡೀ ದಿನ ಓಡಿದ ಮಷಿನ್ನು, ಕಾದು ಕೆಂಡವಾಗಿರುತ್ತದೆ. ಯಾರೂ ಹೇಳದೆ ನಿಮಗೆ ಹೇಗೆ ತಿಳಿಯಿತು? ನಾನು ಕಲಿತ ಪಾಠದಲ್ಲಿ ಇದಕ್ಕೆ ಉತ್ತರವಿಲ್ಲ, ಹುಡುಕುವುದನ್ನೂ ಬಿಟ್ಟಿದ್ದೇನೆ. ನಿಮಗೆ ಹುಚ್ಚು ಹಿಡಿದಿರಲಿಲ್ಲ, ಗಾಳಿಯೂ ಬಡಿದಿರಲಿಲ್ಲ, ನೀವು ಹೇಳಿದ್ದೆಲ್ಲ ನಿಜ. ಇಷ್ಟನ್ನು ಹೇಳಲು ಇಷ್ಟುದ್ದ ಬರೆಯಬೇಕಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣಿ. ಒದ್ದೆ ಬಟ್ಟೆಯಲ್ಲಿ ಇರಬೇಡಿ. ಅತ್ತೆಯ ಆಶೀರ್ವಾದ, ಹಲ್ಲಿಲ್ಲದ ಮಗಳ ಮುತ್ತು. ದೊಡ್ಡಮಾವ ಏನು ಬರೆಯಲಿ ಎಂದು ಕೇಳಿದರೆ ಸುಮ್ಮನೆ ಕೈ ಮುಗಿದರು, ಅದನ್ನೇ ಬರೆದಿದ್ದೇನೆ.

ನಿಮ್ಮ
ವಾಣಿಶ್ರೀ

ತಾ.ಕ.: ಪರಶುರಾಮ ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾನೆ, ಅವಸರ. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ. ಹೊಳೆ ರುದ್ರಭೂಮಿಯ ಕೆಳಗಿನ ಬದುವಿಗೆ ಬಂದಿದೆ, ದಂಡೆಯ ಮಣ್ಣು ಕುಸಿಯುತ್ತಿದೆ. ಅಗೆದು ಲಿಂಗ ತೆಗೆದುಬಿಡುತ್ತೇನೆ ಎಂದು ದೊಡ್ಡಮಾವ ಗುದ್ದಲಿ ಹಿಡಿದಿದ್ದರು, ಹೊಳೆಗೇ ಹೋಗಲಿ ಬಿಡ್ರಿ ಎಂದು ಅತ್ತೆ ಅಡ್ಡ ಕೂತಿದ್ದರು. ನಾನು ಗುದ್ದಲಿ ಕಸಿದುಕೊಂಡಿದ್ದೇನೆ. ಆ ಕೈ ತೆಗೆಯುವಾಗ ನಿಮಗೆ ಪ್ರಜ್ಞೆ ಇರಲಿಲ್ಲ, ಹೂಳುವಾಗ ನಿಮಗೆ ಹೇಳಲಿಲ್ಲ. ಈಗ ನೀವೇ ಹೇಳಬೇಕು. ತೆಗೆ ಎಂದರೆ ತೆಗೆಯುತ್ತೇನೆ, ಬಿಡು ಎಂದರೆ ಬಿಡುತ್ತೇನೆ. ಅಲ್ಲಿಯ ತನಕ ಯಾರನ್ನೂ ಮುಟ್ಟಗೊಡುವುದಿಲ್ಲ. ಗುದ್ದಲಿ ಹಿಡಿದು ಅಲ್ಲಿಗೇ ಹೊರಟಿದ್ದೇನೆ. ಪರಶುರಾಮನ ಹಿಂದೆ ಹತ್ತಿ ಕೂತುಬಿಡಿ. ಮನೆಗೆ ಹೋಗಬೇಡಿ, ನೆಟ್ಟಗೆ ಹೊಳೆದಂಡೆಗೆ ಬನ್ನಿ.