ಗೋಡೆಯ ಮೇಲೆ ಗುಣವಾದವನು

ಆಸ್ಪತ್ರೆಯ ಮಾನ್ಯ ನಿರ್ದೇಶಕರೇ,

ಹೊರರೋಗಿಗಳ ಮೊಗಸಾಲೆಯಲ್ಲಿ ತಾವು ತೂಗುಹಾಕಿಸಿರುವ ನನ್ನ ಭಾವಚಿತ್ರವನ್ನು ದಯಮಾಡಿ ಇಳಿಸಿರಿ. ‘ಮನೋವ್ಯಾಧಿಯನ್ನು ಗೆದ್ದು, ಈಗ ಇತರರನ್ನು ಗೆಲ್ಲಿಸುತ್ತಿರುವ ನಮ್ಮ ಹಿರಿಯ ಆಪ್ತಸಮಾಲೋಚಕರು’ ಎಂದು ಅದರಡಿಯಲ್ಲಿ ಬರೆಸಿದ್ದೀರಿ. ನಾನು ಗೆದ್ದಿಲ್ಲ. ಉತ್ಸಾಹವನ್ನು ಮಿತಿಮೀರಿ ಉಕ್ಕಿಸಿ ನಿದ್ದೆಗೆಡಿಸುವ, ಆಮೇಲೆ ಹಾಸಿಗೆಯಿಂದ ಏಳಗೊಡದಷ್ಟು ಕುಗ್ಗಿಸುವ ಆ ಕಾಯಿಲೆ ಯೌವನದಿಂದಲೂ ನನ್ನೊಡನಿದೆ. ಮಾತ್ರೆಗಳ ಬಲದಿಂದ ಅದನ್ನು ಹದ್ದುಬಸ್ತಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದೇನೆ. ಇದನ್ನು ತಮಗೆ ಮುಖತಃ ಅರಿಕೆ ಮಾಡಿಕೊಂಡಾಗ, ತಾವು ನನ್ನ ವಿನಯವನ್ನು ಮೆಚ್ಚಿಕೊಂಡು ಬೀಳ್ಕೊಟ್ಟಿರಿ.

ತಪ್ಪು ತಮ್ಮೊಬ್ಬರದೇ ಎನ್ನಲಾರೆ. ಛಾಯಾಗ್ರಾಹಕರ ಎದುರು ಕೊರಳಪಟ್ಟಿಯನ್ನು ನೇರ್ಪಡಿಸಿಕೊಂಡವನು ನಾನೇ. ಪಟದಡಿಯ ಬರಹವನ್ನು ಅಚ್ಚಿಗೆ ಕಳಿಸುವ ಮುನ್ನ ತಮ್ಮ ಕಚೇರಿಯವರು ನನಗೇ ತೋರಿಸಿದ್ದರು. ಔಷಧಾಲಯದ ಫಲಕದಲ್ಲಿ ಒಂದು ಕೊಂಬು ತಪ್ಪಿದರೂ ಊಟ ಬಿಟ್ಟು ತಿದ್ದಿಸುವ ನಾನು, ಈ ಅಪ್ಪಟ ಸುಳ್ಳನ್ನು ಓದಿ, ಅಲ್ಪವಿರಾಮವೊಂದನ್ನು ಸೇರಿಸಿ, ಒಪ್ಪಿಗೆ ಕೊಟ್ಟೆ. ಹೊಗಳಿಕೆ ಅಷ್ಟು ಹಿತವಾಗಿತ್ತು.

ಹಿಂದೊಮ್ಮೆ, ಕುಗ್ಗಿನ ಕಾಲ ಬಂದು ನಾನು ಹೊದಿಕೆಯೊಳಗೆ ಮುದುಡಿಕೊಂಡಿದ್ದಾಗ ನನ್ನಾಕೆ ಬಾಗಿಲಲ್ಲಿ ನಿಂತು, “ಏನ್ರೀ, ನಿಮ್ಮ ಪಟ ಆಗ್ಲೇ ಡ್ಯೂಟಿ ಮಾಡ್ತಿದೆ, ನೀವಿನ್ನೂ ಮುಸುಕೇ ತೆಗೆದಿಲ್ಲ!” ಎಂದಳು. ನಗು ಬಂತು, ಏಳಲು ಮಾತ್ರ ಆಗಲಿಲ್ಲ. ರಜೆಗಾಗಿ ತಮ್ಮ ಕಚೇರಿಗೆ ದೂರವಾಣಿ ಮಾಡಿ ನಿಜವಾದ ಕಾರಣವನ್ನೇ ಹೇಳಿದೆ. ಆಡಳಿತಾಧಿಕಾರಿಗಳು ದನಿ ತಗ್ಗಿಸಿ, “ಬೆನ್ನುನೋವು ಅಂದುಬಿಡೋಣ ಸಾರ್. ಅಲ್ಲಿ ಪಟ ಬೇರೆ ಇದೆಯಲ್ಲ, ಚೆನ್ನಾಗಿರಲ್ಲ” ಎಂದರು. ಗೋಡೆಯ ಮೇಲೆ ಮೆರೆಯಬಲ್ಲ ಕಾಯಿಲೆ ರಜೆಗೆ ಹೇಗೆ ಅನರ್ಹವಾಯಿತು? ಹೋದ ಕಾಯಿಲೆಗೆ ಚೌಕಟ್ಟು, ಇರುವ ಕಾಯಿಲೆಗೆ ಮರೆ: ಇದು ಯಾವ ವೈದ್ಯನೀತಿ? ಪ್ರಶ್ನೆಯೇನೋ ಚೆನ್ನಾಗಿದೆ; ಆ ದಿನ ಅದನ್ನು ಕೇಳುವ ಬದಲು “ಆಗಲಿ” ಎಂದದ್ದು ನನ್ನ ಬಾಯಿ.

ನನ್ನಲ್ಲಿಗೆ ಬರುವವರಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದಾರೆ. ಅವರ ಕಾಯಿಲೆಯೂ ನನ್ನದೇ. ನನಗೆ ಬೆನ್ನುನೋವೆಂದು ಯಾರಿಂದಲೋ ಕೇಳಿ, ಉಳಿದ ತುಂಡುಬಟ್ಟೆಗಳಲ್ಲಿ ಒರಗುದಿಂಬೊಂದನ್ನು ಹೊಲಿದು ತಂದರು. ನಾನದನ್ನು ಬೆನ್ನಿಗಿಟ್ಟುಕೊಂಡು, ನೋವಿದ್ದವನಂತೆ ನಿಧಾನವಾಗಿ ಒರಗಿದೆ. ಆಗ ಅವರು, “ನಿಮಗೀಗ ಮಾತ್ರೆ ಏನೂ ಇಲ್ಲ ಅಲ್ವಾ ಸಾರ್? ಗೆದ್ದಿದ್ದೀರಲ್ಲ!” ಎಂದರು. ಸಮಾಲೋಚಕನು ಸ್ವಂತ ಕಥೆ ಹೇಳಬಾರದೆಂಬುದು ನಮ್ಮ ವೃತ್ತಿಯ ನಿಯಮ. ಅದರ ಹಿಂದೆ ಅಡಗಿ ಮುಗುಳ್ನಕ್ಕೆ. ಗೋಡೆ ಆಗಲೇ ನನ್ನ ಕಥೆಯನ್ನು, ಅದೂ ತಪ್ಪಾಗಿ, ಹೇಳಿ ಮುಗಿಸಿತ್ತೆಂಬುದು ತಿಳಿಯದವನಂತೆ ನಕ್ಕೆ.

ಅವರು ಮಾತ್ರೆ ಬಿಟ್ಟರು. ನಿದ್ದೆ ಹಾರಿತು. ಗಿರಾಕಿಗಳು ಕೊಟ್ಟಿದ್ದ ಹೊಸ ಬಟ್ಟೆಗಳನ್ನೆಲ್ಲ ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಊರಿಗೆಲ್ಲ ಒಂದೇ ಹೊದಿಕೆ ಹೊಲಿಯತೊಡಗಿದರಂತೆ. ಅವರ ಅಕ್ಕ ಕೈಹಿಡಿದು ಇಲ್ಲಿಗೆ ಕರೆತಂದು ಮೇಲಂತಸ್ತಿನ ವಾರ್ಡಿಗೆ ಸೇರಿಸಿದರು.

ನಾನು ಹೋಗಿ ಮಂಚದ ಬಳಿ ಕುಳಿತು, “ಅಮ್ಮಾ, ನಾನು ಗೆದ್ದಿಲ್ಲ. ದಿನವೂ ಮಾತ್ರೆ ನುಂಗ್ತೀನಿ. ಬೆನ್ನುನೋವೂ ಸುಳ್ಳು” ಎಂದೆ.

ಅವರು ನನ್ನನ್ನು ಮರುಕದಿಂದ ನೋಡಿದರು. “ನನ್ನ ಕೈಲಿ ಮಾತ್ರೆ ನುಂಗ್ಸೋಕೆ ಹೀಗೆಲ್ಲ ಹೇಳ್ತೀರಿ. ಸುಳ್ಳು ಹೇಳೋಕೂ ಬರಲ್ಲ ನಿಮಗೆ!”

“ನಿಜ ಅಮ್ಮಾ.”

“ನಿಜ ಆಗಿದ್ರೆ ದೊಡ್ಡೋರು ಯಾಕೆ ಹಾಗೆ ಬರೆಸ್ತಾರೆ? ಹೋಗ್ಲಿ, ನಾಲ್ಕು ಜನ ಓದೋ ಹಾಗೆ ನೀವೂ ಬರೀರಿ ನೋಡೋಣ. ನನ್ನ ವಿಷಯಾನೂ ಬರೀರಿ, ನಂಗೇನೂ ನಾಚಿಕೆ ಇಲ್ಲ.”

“ಬರೀರಿ ಸಾರ್, ಅವಳು ಹಟಮಾರಿ” ಎಂದು ಅಕ್ಕನೂ ತಲೆಯಾಡಿಸಿದರು. ಆದ್ದರಿಂದ ಈ ಬಹಿರಂಗ ಪತ್ರ.

ಕಣ್ಣೆದುರು ಕುಳಿತ ಮನುಷ್ಯನ ಮಾತಿಗಿಂತ ತಮ್ಮ ಚೌಕಟ್ಟಿನ ಮಾತಿಗೆ ತೂಕ ಹೆಚ್ಚು, ಮಾನ್ಯರೇ. ಅದನ್ನು ತಾವು ಹೆಮ್ಮೆಯೆಂದು ಭಾವಿಸಬಹುದು. ನನಗೆ ಅದು ಭಯ. ಅದೇ ಮೊಗಸಾಲೆಯ ಬೆಂಚುಗಳಲ್ಲಿ ಕುಳಿತು, ಆ ಸಾಲನ್ನು ಓದಿ, ಸದ್ದಿಲ್ಲದೆ ಮಾತ್ರೆ ಬಿಟ್ಟವರು ಇನ್ನೆಷ್ಟು ಮಂದಿಯೋ? ನನಗೆ ಒರಗುದಿಂಬು ತಂದುಕೊಡುವಷ್ಟು ಸಲುಗೆಯೂ ಅವರಿಗೆ ಇದ್ದಿರಲಾರದು.

ನನ್ನ ಮೇಲೆ ಶಿಸ್ತುಕ್ರಮ ಜರುಗಿಸಬೇಕೆನಿಸಿದರೆ ಜರುಗಿಸಿರಿ; ಕಾರಣವನ್ನು ಮಾತ್ರ ಸರಿಯಾಗಿ ಬರೆಯಿಸಿರಿ: ಕಾಯಿಲೆಯಿದ್ದುದಕ್ಕಲ್ಲ, ಇಲ್ಲವೆಂದು ನಕ್ಕಿದ್ದಕ್ಕೆ. ಅದಕ್ಕೆ ಮೊದಲು ಪಟವನ್ನು ಇಳಿಸಿರಿ. ಇಂದು ಬೆಳಗ್ಗೆಯೂ ಮೇಲಂತಸ್ತಿನ ಆ ಅಮ್ಮ ಮಾತ್ರೆಯನ್ನು ನಾಲಗೆಯಡಿ ಇರಿಸಿಕೊಂಡು ಆಮೇಲೆ ಉಗುಳಿದರೆಂದು ದಾದಿ ಹೇಳಿದರು. ಅವರನ್ನು ಕೆಳಗಿಳಿಸಿ, ಆ ಮೊಗಸಾಲೆಯಲ್ಲಿ ನಡೆಸಿಕೊಂಡು ಬಂದು, ಬರಿಯ ಗೋಡೆಯನ್ನು ತೋರಿಸಬೇಕಾಗಿದೆ. ಕೆಲಸದವರಿಗೆ ಬಿಡುವಿಲ್ಲವಾದರೆ ಒಂದು ಏಣಿಯನ್ನಾದರೂ ಕೊಡಿಸಿರಿ; ನಾನೇ ಹತ್ತುತ್ತೇನೆ.

ಇಂತಿ,
ಹಗಲು ತಮ್ಮಲ್ಲಿ ಸಮಾಲೋಚಕನಾಗಿ,
ಸಂಜೆ ಬೇರೊಬ್ಬ ವೈದ್ಯರ ಬಾಗಿಲಲ್ಲಿ ಸರದಿ ಕಾಯುವವನು