ಬಟ್ಟೆಯ ರೆಕ್ಕೆಯ ವಿಮಾನ

ರಂಜಿತಾಳ ಅಪ್ಪನಿಗೆ,

ಮಗಳು ಹಾರಿಸುತ್ತಿದ್ದ ವಿಮಾನ ಕೆಳಗೆ ಇಳಿಯಲೇ ಇಲ್ಲವೆಂದು ಕನಸು ಬಿತ್ತು. ಅವಳು ವಾಯುಸೇನೆ ಸೇರಿದಾಗಿನಿಂದ ನನಗೆ ಇದೇ ಆಗಿದೆ. ಫೋನಿನಲ್ಲಿ ಹೇಳಿದರೆ ಬೈಯುತ್ತೀರೆಂದು ಕಾರ್ಡು ಬರೆದೆ.

ದೆಹಲಿಯ ಕಂಬಳಿ ಮೇಳಕ್ಕೆ ಬಂದ ನಮ್ಮ ನೇಕಾರರ ಗುಂಪನ್ನು ನಿನ್ನೆ ವಿಮಾನಗಳ ಮ್ಯೂಸಿಯಂಗೆ ಕರೆದೊಯ್ದರು. ನೂರು ವರ್ಷದ ಹಿಂದಿನ ಯುದ್ಧವಿಮಾನಕ್ಕೆ ಬಟ್ಟೆಯ ರೆಕ್ಕೆ, ಕೂರುವ ಜಾಗಕ್ಕೆ ಸೂರೇ ಇಲ್ಲ.

"ನಮ್ ಕಂಬ್ಳಿಗೆ ಹುಣಸೆಬೀಜದ ಗಂಜಿ ಹಚ್ಚಿದಂಗೆ ಇದಕ್ಕೂ ಏನೋ ಹಚ್ಚಿ ಬಿಗಿದವ್ರೆ ಕಣೇ," ಎಂದು ನಮ್ಮೂರು ತಾಳ್ಯದ ಜಯಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಒಳಗೆ ಎರಡು ಸೀಟು. ಮುಂದಿನವನು ಓಡಿಸುವಾಗ ಹಿಂದಿನವನು ಬಂದೂಕು ಹಿಡಿದು ಅವನ ಬೆನ್ನು ಕಾಯುತ್ತಿದ್ದನಂತೆ. ಅದನ್ನು ಕೇಳಿ ಸ್ವಲ್ಪ ಸಮಾಧಾನವಾಯಿತು.

ನನ್ನ ಕೆಮ್ಮು ಕಡಿಮೆಯಾಗಿದೆ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಬಸ್ಸು ಹೊರಡುತ್ತಿದೆ. ವಿಮಾನದಲ್ಲಿ ರಂಜಿತಾಳ ಜೊತೆಗೆ ಇನ್ನೊಬ್ಬರು ಕೂರುತ್ತಾರೋ ಇಲ್ಲವೋ, ನಾನು ಕೇಳಿದರೆ ಗದರುತ್ತಾಳೆ, ನೀವೇ ಒಂದು ಸಲ ಕೇಳಿ.

ಅವಳ ಅವ್ವ